ಯೆಮಾಂಜಾಳ ಭರಣಿ

ಝುಲ್ಮಿರಾಳ ಮೈಮೇಲೆ ದೈವ ಬರುತ್ತಿರಲಿಲ್ಲ. ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬಾರದವರಿಗೂ ದೈವದ ಮನೆಯಲ್ಲಿ ಕೆಲಸವಿದೆ. ದೈವ ಬಂದವರು ಕಣ್ಣು ಮುಚ್ಚಿ ಕುಣಿಯುವಾಗ ಗಂಟೆ ಆಡಿಸಿ ದಾರಿ ತೋರಿಸಬೇಕು, ಸಡಿಲಾದ ನಡುಪಟ್ಟಿ ಬಿಗಿಯಬೇಕು, ಮುಖದ ಬೆವರು ಒರೆಸಬೇಕು. ಅಂಥವಳನ್ನು ಎಕೆದಿ ಅನ್ನುತ್ತಾರೆ. ಇಟಪುವಾ ಕಡಲಂಚಿನ ಆ ಮನೆಗೆ ಝುಲ್ಮಿರಾ ಇಪ್ಪತ್ತು ವರ್ಷಗಳಿಂದ ಎಕೆದಿ.

ದೈವ ಬರುತ್ತಿದ್ದುದು ತಂಗಿ ಮರಿನಲ್ವಾಳ ಮೈಮೇಲೆ. ಅದೂ ಯೆಮಾಂಜಾ, ಕಡಲಿನ ತಾಯಿ.

ಈಗ ಮರಿನಲ್ವಾ ಸತ್ತು ಏಳನೇ ದಿನ. ಬಿಳಿ ಬಟ್ಟೆಯ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಡುವಿನ ಚಾಪೆಯ ಮೇಲೆ ಸತ್ತವಳ ಸಾಮಾನು: ಮಣಿಸರ, ಲಂಗ, ಮುಚ್ಚಳವಿರುವ ಬಿಳಿ ಪಿಂಗಾಣಿ ಭರಣಿ. ಯಾವುದು ಮನೆಯಲ್ಲಿ ಉಳಿಯಬೇಕು, ಯಾವುದು ಕಡಲಿಗೆ ಹೋಗಬೇಕು ಎಂದು ಹಿರಿಯಮ್ಮ ಕ್ರಿಸ್ಪಿನಾ ಕವಡೆ ಹಾಕಿ ಕೇಳುತ್ತಿದ್ದಳು.

ಝುಲ್ಮಿರಾಳಿಗೆ ಬೇಕಾಗಿದ್ದುದು ಭರಣಿ ಒಂದೇ. ಮರಿನಲ್ವಾಳ ದೀಕ್ಷೆಯ ದಿನ ಕಡಲಿನಿಂದ ತಂದ ಯೆಮಾಂಜಾಳ ಕಲ್ಲು ಅದರೊಳಗೆ ನೀರಿನಲ್ಲಿರುತ್ತದೆ. ಕಲ್ಲು ಇದ್ದರೆ ಮೈಮೇಲೆ ದೈವ; ಕಲ್ಲು ಹೋದರೆ ದೈವವೂ ಹೋಯಿತು. ದೀಕ್ಷೆ ಪಡೆದವಳು ಬದುಕಿರುವವರೆಗೆ ಬೇರೆ ಯಾರೂ ಆ ಮುಚ್ಚಳ ತೆಗೆಯುವಂತಿಲ್ಲ.

"ಒಂದು ಹನಿ ಕಣ್ಣೀರೂ ಬರಲಿಲ್ಲವಲ್ಲೇ ನಿಂಗೆ," ಎಂದಳು ಕ್ರಿಸ್ಪಿನಾ, ಕವಡೆ ಬಾಚಿಕೊಳ್ಳುತ್ತ.

"ನನ್ನ ತಂಗಿ ಸತ್ತು ಹನ್ನೊಂದು ವರ್ಷ ಆಯ್ತು, ಹಿರಿಯಮ್ಮ. ಹೂತಿದ್ದು ಈಗ, ಅಷ್ಟೆ."

ಹನ್ನೊಂದು ವರ್ಷಗಳ ಹಿಂದೆ ಮರಿನಲ್ವಾ ಅಕ್ಕನ ಮಗಳನ್ನು ಕಡಲಿಗೆ ಕರೆದುಕೊಂಡು ಹೋಗಿದ್ದಳು. ಆರು ವರ್ಷದ ಜಂದೀರಾ, ಝುಲ್ಮಿರಾಳ ಒಬ್ಬಳೇ ಮಗಳು. ಸಂಜೆ ಮರಿನಲ್ವಾ ಒಬ್ಬಳೇ ಬಂದಳು. ಮಾರನೆಯ ದಿನ ಅಲೆ ಮಗುವನ್ನು ದಡಕ್ಕೆ ತಂದು ಹಾಕಿತು. ಬಲಗಾಲಲ್ಲಿ ನೀಲಿ ಚಪ್ಪಲಿ ಇತ್ತು. ಎಡಗಾಲಿನದು ಸಿಗಲಿಲ್ಲ.

ಮಗು ಮುಳುಗುವಾಗ ಚಿಕ್ಕಮ್ಮ ಮರಳಲ್ಲಿ ನಿಂತು ನೋಡುತ್ತಿದ್ದಳು ಎಂದು ಊರು ಹೇಳಿತು. ಝುಲ್ಮಿರಾ ನಂಬಿದಳು. ಮರಿನಲ್ವಾ ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಆಮೇಲೆ ಒಂದೇ ಗೋಡೆಯ ಆಚೆ ಈಚೆ ಇದ್ದರೂ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ತಂಗಿ ಆಸ್ಪತ್ರೆಯಲ್ಲಿ ಮಲಗಿದ ಎರಡು ತಿಂಗಳೂ ಅಕ್ಕ ಆ ಕಡೆ ತಲೆ ಹಾಕಲಿಲ್ಲ.

ಆದರೆ ವರ್ಷಕ್ಕೊಮ್ಮೆ, ಫೆಬ್ರವರಿಯ ಹಬ್ಬದಲ್ಲಿ, ತಂಗಿಯ ಮುಂದೆ ಗಂಟೆ ಹಿಡಿದು ನಿಲ್ಲುತ್ತಿದ್ದಳು. ಹೇಗೆ ನಿಲ್ಲುತ್ತೀಯ ಎಂದು ಯಾರಾದರೂ ಕೇಳಿದರೆ, "ನಾನು ಒರೆಸೋದು ಅಮ್ಮನ ಮುಖ, ಅವಳದಲ್ಲ," ಎನ್ನುತ್ತಿದ್ದಳು.

ಕುಣಿತ ಮುಗಿದ ಮೇಲೆ ದೈವ ನೆರೆದವರನ್ನು ತಬ್ಬುವುದು ವಾಡಿಕೆ. ಯೆಮಾಂಜಾ ಎಲ್ಲರನ್ನೂ ಹೆಗಲಿಗೆ ಹೆಗಲು ತಾಗಿಸಿ ಬಿಟ್ಟು, ಕೊನೆಗೆ ಝುಲ್ಮಿರಾಳ ಹತ್ತಿರ ಬರುತ್ತಿದ್ದಳು. ಬಂದರೆ ಬಿಡುತ್ತಿರಲಿಲ್ಲ.

"ಝುಲ್ಮಿರಕ್ಕ, ಆ ದೇವರು ನಿಮ್ಮನ್ನ ತಬ್ಬಿಕೊಂಡಷ್ಟು ಹೊತ್ತು ನನ್ ಗಂಡ ಮದುವೆಯಾದ ವರ್ಷವೂ ತಬ್ಬಲಿಲ್ಲ," ಎಂದು ಅಡಿಗೆಮನೆಯ ಇವೋನಿಲ್ಡಾ ನಗಿಸುತ್ತಿದ್ದಳು.

"ನಿನ್ ಗಂಡನ ಮೈಮೇಲೆ ಬರೋದು ಸಾರಾಯಿ. ಅದಕ್ಕೆಲ್ಲಿ ಕೈಕಾಲು ನೆಟ್ಟಗಿರತ್ತೆ?"

ಝುಲ್ಮಿರಾ ನಗುತ್ತಿದ್ದುದು ವರ್ಷದಲ್ಲಿ ಆ ಒಂದು ದಿನ. ಮಗಳು ಹೋದಮೇಲೆ ಅವಳನ್ನು ತಬ್ಬಿದ ಕೈಗಳು ಅವೆರಡೇ. ಮೂರು ವರ್ಷಗಳ ಹಿಂದೆ ಅವಳ ಎಡ ಭುಜ ಉಳುಕಿತ್ತು. ಯಾರಿಗೂ ಹೇಳಿರಲಿಲ್ಲ, ಮನೆಯೊಳಗೇ ಎರಡು ದಿನ ನರಳಿದ್ದಳು. ಆ ಹಬ್ಬದಲ್ಲಿ ಯೆಮಾಂಜಾ ಎಡ ಭುಜ ಮುಟ್ಟದೆ ತಬ್ಬಿದಳು. ದೈವಕ್ಕೆ ತಿಳಿಯದ ನೋವುಂಟೇ ಎಂದುಕೊಂಡಳು. ದೈವದ ಮುಚ್ಚಿದ ರೆಪ್ಪೆ ಎಷ್ಟು ಒರೆಸಿದರೂ ಒದ್ದೆ. ಕಡಲಿನ ತಾಯಿ, ಉಪ್ಪುನೀರು ಇರುವುದೇ ಎಂದುಕೊಂಡಳು.

ದೈವದ ಅಪ್ಪುಗೆಯನ್ನು ಎಕೆದಿ ತಲೆ ಬಾಗಿಸಿ ತೆಗೆದುಕೊಳ್ಳಬೇಕು, ತಿರುಗಿ ತಬ್ಬುವಂತಿಲ್ಲ. ಝುಲ್ಮಿರಾ ತಬ್ಬಲಿಲ್ಲ. ದೈವ ಇಳಿದ ಮೇಲೆ ಆ ಮೈಯವಳಿಗೆ ಏನೂ ನೆನಪಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆ ಧೈರ್ಯದ ಮೇಲೆ ಪ್ರತಿ ಹಬ್ಬದಲ್ಲೂ ಆ ಕಿವಿಗೆ ಬಾಯಿಟ್ಟು ಒಂದೇ ಮಾತು ಹೇಳುತ್ತಿದ್ದಳು.

"ಅಮ್ಮಾ, ಅವಳಿಗೆ ನೆಮ್ಮದಿ ಕೊಡಬೇಡ. ಸಾಯೋವರೆಗೂ ಕೊಡಬೇಡ."

ಕೈಗಳು ಇನ್ನಷ್ಟು ಬಿಗಿಯುತ್ತಿದ್ದವು. ಅಮ್ಮ ಒಪ್ಪಿದಳು ಎಂದು ಝುಲ್ಮಿರಾ ತಿಳಿಯುತ್ತಿದ್ದಳು.

"ಭರಣಿ ನನಗಿರಲಿ," ಎಂದಳು ಈಗ. "ಅಮ್ಮ ಬೇರೆ ಯಾರ ಮೈಮೇಲಾದ್ರೂ ಬರಲಿ, ನಾನೇ ನೋಡ್ಕೋತೀನಿ. ಅವಳೂ ಹೋದ್ರೆ ನನಗ್ಯಾರಿದಾರೆ?"

"ಕೇಳೋಣ. ಮೊದಲು ನೀರು ಬದಲಾಯಿಸಬೇಕು." ಕ್ರಿಸ್ಪಿನಾ ಮುಚ್ಚಳ ತೆಗೆದಳು. ಹೂಜಿ ಎತ್ತಿದ ಕೈ ಅಲ್ಲೇ ನಿಂತಿತು.

ಒಳಗೆ ನೀರಿರಲಿಲ್ಲ. ಯಾವಾಗಲೋ ಆರಿದ ನೀರಿನ ಗೆರೆ ಸುಣ್ಣದಂತೆ ಕಟ್ಟಿತ್ತು. ಕಲ್ಲೂ ಇರಲಿಲ್ಲ. ತಳದಲ್ಲಿ ಮಗುವಿನ ನೀಲಿ ಚಪ್ಪಲಿ ಇತ್ತು. ಎಡಗಾಲಿನದು.

ಝುಲ್ಮಿರಾ ಅದನ್ನು ಮುಟ್ಟಲಿಲ್ಲ. "ಇದು ಅವಳಿಗೆಲ್ಲಿ ಸಿಕ್ತು?"

"ಮರಳಲ್ಲಿ ನಿಂತವರ ಕೈಗೆ ಸಿಗೋದಲ್ಲ ಇದು," ಎಂದಳು ಕ್ರಿಸ್ಪಿನಾ. "ನೀರಿಗೆ ಬಿದ್ದು ಹಿಡಿದಿದಾಳೆ. ಕೈಗೆ ಬಂದಿದ್ದು ಇಷ್ಟೆ."

"ಕಲ್ಲು?"

"ಮಗೂನ ತಗೊಂಡ ಕಡಲಿನ ತಾಯಿಗೇ ವಾಪಸ್ ಎಸೆದಿದಾಳೆ. ಅವತ್ತೇ."

"ಹಾಗಾದ್ರೆ ಹಬ್ಬದಲ್ಲಿ..."

ಕ್ರಿಸ್ಪಿನಾ ಕವಡೆಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಳು. ಕೇಳುವುದೇನೂ ಉಳಿದಿರಲಿಲ್ಲ.

ಒಬ್ಬ ಮಗಳು. ಒಬ್ಬ ತಂಗಿ. ತಂಗಿಯ ಹನ್ನೊಂದು ಅಪ್ಪುಗೆ, ತಂಗಿಯ ಕಿವಿಗೇ ಹೇಳಿದ ಹನ್ನೊಂದು ಶಾಪ.