ಎಲಿಗುಮ್ಮನ ಪುಟ

“ಎಲ್ಲೈತವಾ ನಿನ್ನ ಎಲಿಗುಮ್ಮ? ಕಾಡು ಐತಿ, ಗಿಡ ಐತಿ, ಗುಮ್ಮನ ಇಲ್ಲ!”

ಬಸವರಾಜರ ಗಂಟಲೆಂದರೆ ಗಂಟಲು. ಉಪ್ಪಲ್‌ನ ತಮ್ಮ ಮಹಡಿ ಮನೆಯ ಪಡಸಾಲೆಯಲ್ಲಿ ಅವರು ಬಾಯಿ ತೆರೆದರೆ ಕೆಳಗಿನ ಇಸ್ತ್ರಿ ಅಂಗಡಿಯವನು ತಲೆ ಎತ್ತಿ ನೋಡಬೇಕು. ಸರ್ಕಾರಿ ನೌಕರಿ ಮುಗಿದ ಮೇಲೆ ಮಕ್ಕಳ ಪುಸ್ತಕ ಅಚ್ಚು ಹಾಕಿಸುವ ಹುಚ್ಚು ಹತ್ತಿಸಿಕೊಂಡವರು. ಎದುರಿಗೆ ಕುರ್ಚಿಯ ತುದಿಯಲ್ಲಿ ಕುಳಿತ ಭಕ್ತಿಗೆ ಇದು ಮೊದಲ ಪುಸ್ತಕ. ಕಥೆ ಬರೆದವಳೂ ಅವಳೇ, ಚಿತ್ರ ಬಿಡಿಸಿದವಳೂ ಅವಳೇ. ಕರಡು ಪ್ರತಿ ಟೀಪಾಯಿಯ ಮೇಲೆ ತೆರೆದು ಬಿದ್ದಿತ್ತು. ಸಂಜೆಯೊಳಗೆ ಒಪ್ಪಿಗೆ ತಿಳಿಸಿ ಎಂದು ಸನತ್‌ನಗರದ ಪ್ರೆಸ್ಸಿನವರು ಹೇಳಿದ್ದರು.

ಉಳಿದ ಪುಟಗಳನ್ನೆಲ್ಲ ಬಸವರಾಜರು ಬಾಯಿತುಂಬ ಹೊಗಳಿಯಾಗಿತ್ತು. ತನ್ನ ತೊಗಟೆಯ ಕೋಟಿಗೆ ತಾನೇ ತೇಪೆ ಹಾಕಿಕೊಳ್ಳುವ ತೊಗಟಿಮಾಮಾ, ಮುದಿಮರದ ಬೇರುಗಳಿಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವ ಬೇರವ್ವ, ಮಿಂಚುಹುಳವನ್ನೇ ಮೂಗುತಿ ಮಾಡಿಕೊಂಡು ಹುತ್ತದ ಬಾಗಿಲಲ್ಲಿ ಬೀಗುತ್ತಾ ನಿಂತ ಹುತ್ತದ ಪೋರಿ. “ಏನ್ ಕೈ ಐತವಾ ನಿಂದು!” ಎಂದು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ದರು. ಎಡವಿದ್ದು ಎಲಿಗುಮ್ಮನ ಹತ್ತಿರ.

“ಕಾಕಾ, ಅದು ಹಾಂಗ ಕಣ್ಣಿಗೆ ಬೀಳೂದಿಲ್ರಿ,” ಭಕ್ತಿಯ ದನಿ ಅರ್ಧ ಒಳಗೇ ಉಳಿಯಿತು. “ನೋಡಿದ್ರ ಇರೂದಿಲ್ಲ, ನೋಡಲಿಲ್ಲಂದ್ರ ಇರತೈತಿ. ನಮ್ಮಜ್ಜಿ ಹಾಂಗ ಹೇಳ್ತಿದ್ಲು.”

“ಖರೆ. ಬಾಯಿಲೆ ಹೇಳೂದಕ್ಕ ನಡೀತೈತಿ. ಪುಸ್ತಕ ಕೊಂಡವರು ಗುಮ್ಮನ ಇಲ್ಲದ ಪುಟ ನೋಡಿ ಪ್ರೆಸ್ಸಿನವರು ಮರ್ತಾರ ಅಂತಾರ. ಒಂದು ಕಣ್ಣರ ಬರಿ, ಒಂದು ಬಾಲರ ಬರಿ. ಇಲ್ಲಂದ್ರ ಈ ಪುಟಾನ ತಗದಬಿಡೂಣು.”

ಉಳಿದ ಎಲ್ಲರ ಕಣ್ಣು, ಮೂಗು, ಹಲ್ಲು, ಉಗುರನ್ನೂ ಬಿಡದೆ ಬಣ್ಣಿಸುತ್ತಿದ್ದ ಭಕ್ತಿಯ ಅಜ್ಜಿ, ಎಲಿಗುಮ್ಮನ ವಿಷಯಕ್ಕೆ ಬಂದರೆ ಅದು ಎದ್ದುಹೋದ ಜಾಗವನ್ನಷ್ಟೇ ಹೇಳುತ್ತಿದ್ದಳು. ಮಲಗಿ ಎದ್ದಲ್ಲಿ ತಗ್ಗಾದ ಹುಲ್ಲು, ಗಾಳಿಯಿಲ್ಲದಾಗಲೂ ಅಲ್ಲಾಡುವ ಒಂದೇ ಒಂದು ಎಲೆ. ಭಕ್ತಿ ಅದನ್ನೇ ಜೀವ ಸುರಿದು ಬಿಡಿಸಿದ್ದಳು. ಅಲ್ಲೊಂದು ಕಣ್ಣು ಬರೆದರೆ ಸಾಕು, ಅಜ್ಜಿಯ ಗುಮ್ಮ ಕಾಡು ಬಿಟ್ಟು ಹೋದಂತೆಯೇ.

“ತನ್ವೀ, ಬಾ ಇಲ್ಲೆ!” ಬಸವರಾಜರು ಮೊಮ್ಮಗಳನ್ನು ಕೂಗಿದರು. ಒಂದನೇ ಕ್ಲಾಸಿನ ಪೋರಿ ಕೈಗೊಂದರಂತೆ ಉಸ್ಮಾನಿಯಾ ಬಿಸ್ಕತ್ತು ಹಿಡಿದು ಬಂದು ನಿಂತಳು. “ಪುಸ್ತಕ ಯಾರಿಗೈತಿ, ಅವರನ್ನ ಕೇಳೂಣು. ಈ ಪುಟದಾಗ ಏನೈತಿ, ಹೇಳವಾ.”

ತನ್ವಿ ಬಗ್ಗಿದಳು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಎಲೆ ಎಲೆಯನ್ನೂ ನೋಡಿದಳು.

“ಏನೂ ಇಲ್ಲ.”

“ಕೇಳಿದೇನು?” ಬಸವರಾಜರು ತೊಡೆ ತಟ್ಟಿದರು. “ನಾ ಏನ್ ಹೇಳಿದೆ!”

“ಚುಪ್, ಮುತ್ಯಾ!” ತನ್ವಿ ಅಜ್ಜನ ಮೇಲೆ ತಿರುಗಿಬಿದ್ದಳು. “ನೀ ಹಿಂಗ ಚಿಲ್ಲಾಯಿಸಿದ್ರ ಯಾರ್ ಇರ್ತಾರ? ಈಗಷ್ಟ ಇತ್ತು. ಹುಲ್ಲು ನೋಡು, ಇನ್ನೂ ಬಗ್ಗೇತಿ. ನೀನ ಓಡಿಸಿದಿ.”

ತನ್ವಿ ಆಗಲೇ ಹಿಂದಿನ ಪುಟಗಳಲ್ಲಿದ್ದಳು. ಹುತ್ತದ ಹಿಂದೆ ಹುಡುಕಿದಳು, ತೊಗಟಿಮಾಮಾನ ಕೋಟಿನ ಕಿಸೆಯಲ್ಲಿ ಹುಡುಕಿದಳು, ಹಾಳೆ ಎತ್ತಿ ಅಡಿಯಲ್ಲಿ ಇಣುಕಿದಳು, ಆಮೇಲೆ ಟೀಪಾಯಿಯ ಕೆಳಗೂ. ಎದ್ದು ಬಂದು, ತಗ್ಗಾದ ಹುಲ್ಲಿನ ಹತ್ತಿರ ಬಾಯಿಟ್ಟು ಪಿಸುಗುಟ್ಟಿದಳು: “ಬಾ… ರಾ… ಆಜಾ…” ಭಕ್ತಿಯ ಕಡೆ ನೋಡಿ, “ಅದಕ್ಕ ಯಾವ ಭಾಷಾ ಬರತೈತೋ ಏನೋ, ಆಂಟಿ,” ಎಂದಳು. ಕೈಯಲ್ಲಿದ್ದ ಒಂದು ಬಿಸ್ಕತ್ತನ್ನು ಹುಲ್ಲಿನ ಮೇಲೆ ಮೆತ್ತಗೆ ಇಟ್ಟು ಹುಕುಂ ಹೊರಡಿಸಿದಳು.

“ಎಲ್ಲಾರೂ ಕಣ್ಣು ಮುಚ್ಚರಿ. ಮುತ್ಯಾ, ನೀನೂ. ಬೆರಳ ಸಂದಿಲಿಂದ ನೋಡಬಾರದು.”

ಮೂವರೂ ಮುಚ್ಚಿದರು. ದೂರದಲ್ಲಿ ಮೆಟ್ರೋ ರೈಲು ಸರಿದುಹೋದ ಸದ್ದು. ಅಜ್ಜಿ ಹೋದ ಮೇಲೆ ಭಕ್ತಿ ಇಷ್ಟು ಗಟ್ಟಿಯಾಗಿ, ಇಷ್ಟು ನಂಬಿಕೆಯಿಂದ ಕಣ್ಣು ಮುಚ್ಚಿರಲಿಲ್ಲ.

“ಬಂದಿತ್ತು!”

ಬಿಸ್ಕತ್ತಿನ ಒಂದು ಮಗ್ಗುಲು ಅರ್ಧಚಂದ್ರದಂತೆ ಕಾಣೆಯಾಗಿತ್ತು. ತನ್ವಿ ಪುಸ್ತಕವನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿದಳು. “ಮಮ್ಮೀ, ಎಲಿಗುಮ್ಮ ಬಂದಿತ್ತು! ಬಿಸ್ಕಿಟ್ ತಿಂದು ಹೋತು!”

ಭಕ್ತಿ ಬೆಕ್ಕಸಬೆರಗಾಗಿ ಬಸವರಾಜರತ್ತ ನೋಡಿದಳು. ಅವರು ಅಷ್ಟರಲ್ಲಿ ಎದ್ದು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತು, ಫೋನನ್ನು ಕಿವಿಗೆ ಹಿಡಿದಿದ್ದರು. “ಹಾಂ, ಪ್ರೆಸ್ಸೇನ್ರಿ? ಆ ಪುಟ ಹಾಂಗ ಬರಲಿ. ಏನೂ ಸೇರಸಬ್ಯಾಡ್ರಿ,” ಎನ್ನುತ್ತಿದ್ದರು. ಮಾತು ಯಾಕೋ ತೊದಲುತ್ತಿತ್ತು.

ಫೋನಿಟ್ಟು ತಿರುಗಿದರು. ಬಿಳಿ ಮೀಸೆಯ ತುಂಬ ಬಿಸ್ಕತ್ತಿನ ಪುಡಿ.