ಪಾತ್ರೆಯ ತಳ

"ಆ ಪಾತ್ರೇನ ಮಗುಚಿ ನೋಡ್ರೋ! ತಳದಲ್ಲಿ ಹೆಸರಿರುತ್ತೆ!" ಎಂದು ಒಜೆಲ್ಲಾ ಪರದೆಗೇ ಕೂಗಿದಳು. ಮಿಸಿಸಿಪ್ಪಿಯ ಆ ಚರ್ಚಿನ ಸಭಾಂಗಣ ಗೊಳ್ಳೆಂದು ನಕ್ಕಿತು. ಸಾವಿನ ಮನೆಗೆ ವಿಷ ಬೆರೆಸಿದ ಊಟ ತಂದವರು ಯಾರೆಂದು ತಿಳಿಯದೆ ಸಿನಿಮಾದ ಪೊಲೀಸರು ಎರಡು ಗಂಟೆಯಿಂದ ತಲೆ ಕೆರೆದುಕೊಳ್ಳುತ್ತಿದ್ದರು.

ಸಿನಿಮಾ ಮುಗಿದು ದೀಪ ಹತ್ತಿತು. ಅದೇ ಊರಲ್ಲಿ ಹುಟ್ಟಿದ ನಿರ್ದೇಶಕಿ ರೆಟ್ಟಾ ಮುಂದೆ ಬಂದು ನಿಂತಳು. ಪೇಟೆಯವರು ಇದನ್ನೇ 'ಅಪ್ಪಟ ಹಳ್ಳಿಯ ಚಿತ್ರ' ಎಂದು ಹೊಗಳಿದ್ದು ನೆನಪಾಗಿ ಒಜೆಲ್ಲಾಳ ಮೈಯೆಲ್ಲ ಉರಿಯಿತು. ಸಿನಿಮಾಕ್ಕೆ ಬಂದವರಿಗೆಂದು ತಾನು ತಿಂಡಿ ತಂದಿದ್ದ, ಎಲ್ಲರೂ ತಿಂದು ಖಾಲಿ ಮಾಡಿದ್ದ ಗಾಜಿನ ಪಾತ್ರೆಯನ್ನು ಎತ್ತಿ, ತಳಕ್ಕೆ ಅಂಟಿಸಿದ್ದ ಹೆಸರಿನ ಚೀಟಿ ತೋರಿಸಿದಳು. "ಹೆಸರಿಲ್ಲದ ಪಾತ್ರೇನ ಸಾವಿನ ಮನೆಗೆ ಯಾರೇ ತರ್ತಾರೆ? ಆಮೇಲೆ ತೊಳೆದು ಯಾರಿಗೆ ವಾಪಸ್ ಕೊಡೋದು? ಇಲ್ಲೇ ಹುಟ್ಟಿ ಇಷ್ಟೂ ಗೊತ್ತಿಲ್ವಾ ನಿಂಗೆ? ಊರಿನ ಮಾನ ಕಳೆದೆಯಲ್ಲೇ!"

"ಹೇಗೆ ಗೊತ್ತಾಗ್ಬೇಕು, ಒಜೆಲ್ಲಾ ಆಂಟಿ?" ಎಂದಳು ರೆಟ್ಟಾ. "ನಮ್ಮಮ್ಮ ಸತ್ತಾಗ ಮೂರು ದಿನ ಬಾಗಿಲಲ್ಲೇ ಕೂತಿದ್ದೆ. ನಿಮ್ಮಲ್ಲಿ ಒಬ್ರೂ ಒಂದು ಪಾತ್ರೆ ತರಲಿಲ್ಲ."

ಒಜೆಲ್ಲಾ ಎತ್ತಿ ಹಿಡಿದಿದ್ದ ಪಾತ್ರೆಯ ತಳದಲ್ಲಿ ಅವಳ ಹೆಸರು ಎಲ್ಲರಿಗೂ ಕಾಣುತ್ತಿತ್ತು. ಅವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಳು.