ನೋಡಿದೆ, ಸರಿ ಇದೆ

“ಸಹಿ ಹಾಕೋ ಕೀಲಿ ಯಾರ ಹತ್ರ ಇರುತ್ತೆ, ಮೇಷ್ಟ್ರೇ?”

ಮೇಷ್ಟ್ರ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಫೋನಿನ ಆ ಕಡೆಯ ಹೊಸಬಳು ತಂಡ ಸೇರಿ ಒಂಬತ್ತೇ ದಿನ. ಹೊಸಬರು ಮೊದಲು ಕಾಗುಣಿತ ತಿದ್ದುತ್ತಾರೆ. ಬೀಗದ ಕೈ ಕೇಳುವುದಿಲ್ಲ.

ಅವನು ಶಾಲೆಯ ಮೇಷ್ಟ್ರಲ್ಲ. ಗುರುವಾರ ಮಧ್ಯಾಹ್ನ ಹೊಸಬರಿಗೆ ಫೋನಿನಲ್ಲಿ ಪಾಠ ಹೇಳಿ ಹೇಳಿ ಅಂಟಿದ ಹೆಸರು. ಅವರ ತಂಡದ ತಂತ್ರಾಂಶ ಚಿಕ್ಕದು. ಆಸ್ಪತ್ರೆಯ ಪಂಪು ರೋಗಿಯ ನರಕ್ಕೆ ಔಷಧವನ್ನು ಎಷ್ಟು ವೇಗದಲ್ಲಿ ಬಿಡಬೇಕೆಂದು ಅದು ಹೇಳುತ್ತದೆ. ವೇಗ ತಪ್ಪಿದರೆ ಜೀವ ಹೋಯಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಬರೆದವರೇ ಒಪ್ಪುವಂತಿಲ್ಲ, ಇನ್ನೊಬ್ಬರು ಪರಿಶೀಲಿಸಿ, ಗುಟ್ಟಿನ ಡಿಜಿಟಲ್ ಕೀಲಿಯಿಂದ ಸಹಿ ಹಾಕಿದರಷ್ಟೇ ಅದು ಪಂಪಿಗೆ ಹೋಗುತ್ತದೆ. ಆ ಇನ್ನೊಬ್ಬರು ಅಜ್ಜಿ. ಇಪ್ಪತ್ತು ವರ್ಷದ ಹಿಂದೆ ಇದನ್ನು ಶುರುಮಾಡಿದವರು. ತಂಡದಲ್ಲಿ ಯಾರೂ ಅವರ ಮುಖ ಕಂಡಿಲ್ಲ, ಎಲ್ಲ ಇ-ಮೇಲ್‌ನಲ್ಲೇ.

“ಅಜ್ಜಿ ಹತ್ರ,” ಎಂದ. “ಅವ್ರಿಗೆ ಹುಷಾರು ತಪ್ಪಿದ್ರೆ ಇರ್ಲಿ ಅಂತ ನನ್ಹತ್ರ ಒಂದು ನಕಲು. ಯಾಕಮ್ಮ?”

“ಸುಮ್ನೆ. ದಡ್ಡಿ ನಾನು, ಎಲ್ಲಾ ಕೇಳ್ತೀನಿ.”

ದಡ್ಡಿಯಂತೆ! ನಯವಾಗಿ ಮಾತಾಡಿ, ಚೂರುಪಾರು ಕೆಲಸ ಮಾಡಿಕೊಟ್ಟು, ಕೀಲಿ ಕೈಸೇರಿದ ದಿನವೇ ತಂತ್ರಾಂಶದೊಳಗೆ ಕಳ್ಳ ಹಿತ್ತಲ ಬಾಗಿಲು ಕೊರೆಯುವವರ ಬಗ್ಗೆ ಹೋದ ವಾರವಷ್ಟೇ ಅವನು ಪಾಠ ಹೇಳಿದ್ದ. ಕುರ್ಚಿ ಮುಂದೆಳೆದುಕೊಂಡ.

“ಹೋದ ತಿಂಗಳು ಹನ್ನೊಂದು ಸಾಲು ಸೇರಿದೆಯಲ್ಲ,” ಅವಳು ಬಿಡಲಿಲ್ಲ, “ಹೊರಗಿಂದ್ಲೇ ಪಂಪಿನ ವೇಗ ಬದಲಾಯಿಸೋದು. ಅದು ಯಾಕೆ?”

“ರಿಪೇರಿಯವ್ರ ಅನುಕೂಲಕ್ಕೆ. ನಾನೇ ಬರೆದಿದ್ದು. ಅಜ್ಜಿ ಒಪ್ಪಿದಾರೆ, ಕೆಳಗೆ ಓದು.”

“‘ನೋಡಿದೆ, ಸರಿ ಇದೆ.’” ನಿಧಾನವಾಗಿ ಓದಿದಳು. “ಹಳೇವಕ್ಕೆಲ್ಲ ‘ಕೇಳಿದೆ, ಸರಿ ಇದೆ’ ಅಂತಿದೆ?”

“ಆಗ ಯಾರನ್ನೋ ಕೇಳಿ ಒಪ್ತಿದ್ರು. ಇಪ್ಪತ್ತು ವರ್ಷಕ್ಕೆ ಧೈರ್ಯ ಬಂದಿರ್ಬೇಕು, ಈಗ ತಾವೇ ನೋಡ್ತಾರೆ.”

ನಕ್ಕ. ಅವಳು ನಗಲಿಲ್ಲ. ಅವಳ ಹಿಂದೆ ಏನೋ ಟಿಕ್, ಟಿಕ್ ಎನ್ನುತ್ತಿತ್ತು. ಅವನಿಗೆ ಚೆನ್ನಾಗಿ ಗೊತ್ತಿದ್ದ ಪಂಪಿನ ಸದ್ದು.

ಪರದೆಯ ಬಾಣವನ್ನು ಅವಳ ಹೆಸರಿನ ಪಕ್ಕದ ‘ಹೊರಹಾಕು’ ಗುಂಡಿಯ ಮೇಲೆ ತಂದಿಟ್ಟ.

“ಎಲ್ಲಿದ್ದೀಯ ನೀನು?”

“ಆಸ್ಪತ್ರೇಲಿ, ನಮ್ಮಜ್ಜಿ ಪಕ್ಕ. ಅವ್ರಿಗೆ ಹಾಕಿರೋ ಪಂಪಲ್ಲೂ ಆ ಹನ್ನೊಂದು ಸಾಲಿದೆ. ಅದಕ್ಕೇ ನೆಟ್‌ವರ್ಕ್ ತಂತಿ ಕಿತ್ತು ಕೈಲಿ ಹಿಡ್ಕೊಂಡು ಕೂತಿದೀನಿ.”

“ನಿಮ್ಮಜ್ಜಿಗೂ ನನ್ನ ಸಾಲಿಗೂ ಏನಮ್ಮ ಸಂಬಂಧ?”

“ನಮ್ಮಜ್ಜೀನೇ ನಿಮ್ಮ ತಂಡದ ಅಜ್ಜಿ, ಮೇಷ್ಟ್ರೇ. ಕಂಪ್ಯೂಟರು ಒಂದೊಂದೇ ಸಾಲು ಓದಿ ಹೇಳ್ತಿತ್ತು, ಅವ್ರು ಕೇಳ್ತಿದ್ರು. ನೋಡೋಕೆ ಅವ್ರಿಗೆ ಹುಟ್ಟಿದಾಗಿಂದ ಕಣ್ಣೇ ಕಾಣಲ್ಲ.”